ಒಲ್ಲೆ ಎನ್ನದ ಟೀಚರಮ್ಮ

ಇವತ್ತು ಮಧ್ಯಾಹ್ನ ಹುಮನಾಬಾದಿನ ನಮ್ಮ ಮನೆಯಲ್ಲಿ ಹೊಸ ಸೊಸೆ ಮಹಾದೇವಿ ಊಟಕ್ಕೆ ಕೂತಿದ್ದಳು. ಕೊಡಂಬಲದ ಹುಡುಗಿ. ಮದುವೆಯಾಗಿ ಬಂದಾಗಿನಿಂದ ‘ಹೂಂ’ ಬಿಟ್ಟರೆ ನನ್ನ ಹತ್ತಿರ ಮಾತೇ ಇಲ್ಲ. ಇವಳಿಗೆ ಈ ಮನೆ ಹಿಡಿಸಿತೋ ಇಲ್ಲವೋ ಎಂಬುದೇ ನನಗೆ ದೊಡ್ಡ ಚಿಂತೆ. ಮಾತಿನಿಂದ ಆಗದ್ದನ್ನು ಹೋಳಿಗೆಯಿಂದ ಸಾಧಿಸೋಣವೆಂದು ಮತ್ತೊಂದು ಹೋಳಿಗೆ ಹಿಡಿದು ಅವಳ ತಾಟಿನ ಮೇಲೆ ಬಗ್ಗಿದೆ. ಬಿಸಿ ತುಪ್ಪದ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈ ಅಲ್ಲೇ ನಿಂತಿತು. ಟೀಚರಮ್ಮ ನೆನಪಾದರು.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಇದೇ ಊರಿನ ನನ್ನ ತವರುಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದವರು ಅವರು. ತಮಿಳುನಾಡಿನಿಂದ ಬಂದು ಇಲ್ಲಿ ಪಾಠ ಹೇಳುತ್ತಿದ್ದರು, ಒಬ್ಬರೇ ಇದ್ದರು. ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತಾ ಹಳೆಯ ತಮಿಳು ಪದ್ಯಗಳನ್ನು ಗುನುಗುವರು. ಅವರಪ್ಪ ಕಲಿಸಿದ್ದಂತೆ. ಅರ್ಥ ಕೇಳಿದರೆ ಬಾಚಣಿಗೆ ಹಿಡಿದೇ ಹೇಳುವರು: ಸಂಸಾರವಂದಿಗರು ಹೇಗೆ ಬಾಳಬೇಕು, ಹೇಗೆ ಹಿತವಾಗಿ ಮಾತಾಡಬೇಕು, ಬೆನ್ನ ಹಿಂದೆ ಯಾಕೆ ಆಡಿಕೊಳ್ಳಬಾರದು, ಬಾಗಿಲಿಗೆ ಬಂದವರನ್ನು ಬಿಟ್ಟು ಯಾಕೆ ಉಣ್ಣಬಾರದು. ಇದಕ್ಕೆಲ್ಲ ಸೇರಿ ತಮಿಳಿನಲ್ಲಿ ‘ಅರಂ’ ಎಂಬ ಒಂದೇ ಮಾತಂತೆ. ಆಡಿಕೊಳ್ಳಬಾರದು ಎಂಬ ಭಾಗ ನಮ್ಮ ಓಣಿಗೆ ಕಷ್ಟವೇ, ನನ್ನನ್ನೂ ಸೇರಿಸಿ.

ಅವ್ವನಿಗೆ ಈ ಪಾಠ ಅಷ್ಟಾಗಿ ಸೇರುತ್ತಿರಲಿಲ್ಲ. ಅವಳ ತವರು ಬಸವಕಲ್ಯಾಣ. “ಇದರಾಗ ಹೊಸಾದೇನೈತಿ? ನಾ ಕಲ್ಯಾಣದಾಕಿ. ದಾಸೋಹದ ಊರಿನ ಮಗಳಿಗೆ ಊಟಕ್ಕ ಹಾಕೂದು ಯಾರ ಕಲಿಸ್ತಾರ?” ಅನ್ನುವಳು.

ಕಲಿಸುವವರು ಬೇಕಿರಲಿಲ್ಲ, ನಿಜ, ತಡೆಯುವವರು ಬೇಕಿತ್ತು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಉಣ್ಣುವವರು ತಾಟಿನ ಮೇಲೆ ಅಂಗೈ ಚಾಚಿ “ಒಲ್ಲೆ, ಸಾಕ್ರಿ” ಅನ್ನಬೇಕು, ಬಡಿಸುವವರು ಬೆರಳ ಸಂದಿಯಲ್ಲೇ ತುಪ್ಪ ಸುರಿಯಬೇಕು. ಹಬ್ಬಹಬ್ಬಕ್ಕೂ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಟೀಚರಮ್ಮ ಮಾತ್ರ ಒಲ್ಲೆ ಅನ್ನುತ್ತಲೇ ಇರಲಿಲ್ಲ. ಹಾಕಿದ್ದನ್ನೆಲ್ಲ ತಲೆ ತಗ್ಗಿಸಿ ಉಣ್ಣುವರು. “ಪಾಪ, ಯಾವಾಗ ಹೊಟ್ಟಿ ತುಂಬ ಉಂಡಿತ್ತೋ ಏನೋ ಹುಡುಗಿ,” ಎಂದು ಮರುಗಿ ಅವ್ವ ಇನ್ನೊಂದು ಹೋಳಿಗೆ ಹಾಕುವಳು.

ಬರಬರುತ್ತಾ ಹಬ್ಬ ಬಂತೆಂದರೆ ಟೀಚರಮ್ಮನ ಬಾಗಿಲಿಗೆ ಒಳಗಿನಿಂದ ಚಿಲಕ. ಕರೆದರೆ ತಲೆನೋವು ಅನ್ನುವರು. ಅವ್ವ ಒಲೆ ಮುಂದೆ ಮಂಕಾಗಿ ಕೂತಳು. “ನನ್ನ ಕೈರುಚಿ ಕೆಟ್ಟೈತೇನು? ಯಾಕ ಹಿಂಗ ಮಾಡಾಕತ್ತಾಳ ಈಕಿ?” ಕೊನೆಗೆ ತಾಳಲಾರದೆ ತಾನೇ ಹೋಗಿ ಬಾಗಿಲು ಬಡಿದಳು. ಬಿಟ್ಟಿ ತಮಾಷೆ ಯಾಕೆ ಬಿಡಬೇಕೆಂದು ನಾನೂ ಹಿಂದೆ ಹೋದೆ.

ಬಾಗಿಲು ತೆರೆದ ಟೀಚರಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಅಮ್ಮ, ಪ್ರೀತಿಯಿಂದ ಕೊಟ್ಟಿದ್ದು ಬೇಡ ಎಂದರೆ ನಿಮಗೆ ನೋವಾಗುತ್ತದೆ. ತಿಂದರೆ ನನ್ನ ಹೊಟ್ಟೆಯಲ್ಲಿ ಜಾಗವಿಲ್ಲ. ಏನು ಮಾಡಲಿ?”

“ಮತ್ತ ನಿನ್ನ ಆ ಪದ್ಯದಾಗ ಇದಕ್ಕೇನ ಹೇಳ್ಯಾರ?” ಅಂದಳು ಅವ್ವ, ಸೊಂಟದ ಮೇಲೆ ಕೈಯಿಟ್ಟು.

“ಆ ಪದ್ಯಗಳನ್ನು ಹೇಳಿಕೊಡುವಾಗ ಅಪ್ಪ ಹೇಳುತ್ತಿದ್ದರು, ಬಂದವರ ಮುಖವನ್ನು ಮೊದಲು ನೋಡಬೇಕು. ಊಟ ಆಮೇಲೆ.”

ಅವ್ವ ಸೊಂಟದ ಮೇಲಿನ ಕೈ ತೆಗೆದಳು. ಆಮೇಲೆ ಟೀಚರಮ್ಮನ ಗಲ್ಲ ಹಿಡಿದು, “ಅಯ್ಯ ನನ್ನವ್ವಾ! ಇಷ್ಟ ದಿನ ನಿನ್ನ ತಾಟ ನೋಡೀನಿ, ಮಾರಿ ನೋಡೇ ಇಲ್ಲಲ್ಲ!” ಅಂದಳು.

ಅಂದಿನಿಂದ ನಮ್ಮ ಮನೆಯ ಬಡಿಸುವ ಧರ್ಮವೇ ಬದಲಾಯಿತು. ದುಬಲಗುಂಡಿಯಿಂದ ಬಂದ ಕಾಕಾ ರೂಢಿಯ ಪ್ರಕಾರ “ಸಾಕ್ರಿ ವೈನಿ” ಎಂದದ್ದೇ ತಡ, ಅವ್ವ ಅವರ ಮುಖ ದಿಟ್ಟಿಸಿ ನೋಡಿ ಹೋಳಿಗೆ ವಾಪಸು ಒಯ್ದಳು. ಕಾಕಾ ಅರೆಹೊಟ್ಟೆಯಲ್ಲಿ ಬಸ್ಸು ಹತ್ತಿದರು. ಎಲ್ಲರ ಮುಖ ಓದಲು ಅವ್ವನಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ ಅಷ್ಟೇ. ಟೀಚರಮ್ಮ ಮಾತ್ರ ವರ್ಗವಾಗಿ ಹೋಗುವವರೆಗೂ ಒಂದು ಹಬ್ಬವನ್ನೂ ತಪ್ಪಿಸಲಿಲ್ಲ.

ಹೋಳಿಗೆ ಹಿಡಿದ ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಮಹಾದೇವಿಯ ಮುಖ ನೋಡಿದೆ. ಹುಡುಗಿ ಉಸಿರು ಬಿಗಿಹಿಡಿದು ಹೋಳಿಗೆಯನ್ನೇ ನೋಡುತ್ತಿದ್ದಳು, ಮನೆಗೆ ಪೊಲೀಸರು ಬಂದರೋ ಎಂಬ ಹಾಗೆ. ಹೋಳಿಗೆ ಡಬ್ಬಿಗೆ ಹಾಕಿ ಅವಳ ಪಕ್ಕದಲ್ಲಿ ಕೂತೆ.

“ಸಾಕಾಗಿತ್ತೇನವಾ?”

“ಹೂಂ ರಿ. ಅತ್ತಿ ಹಾಕಿದ್ದಕ್ಕ ಒಲ್ಲೆ ಅನಬ್ಯಾಡ ಅಂತ ನಮ್ಮವ್ವ ಹೇಳಿ ಕಳಿಸ್ಯಾಳ್ರಿ.”

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ನನ್ನ ಕಡೆ ತಿರುಗಿದಳು. “ಅತ್ತೀ, ಒಂದೀಟ ಮಜ್ಜಿಗಿ ಇದ್ರ ಕೊಡ್ರಿ.”

ಈ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಮೊಣಕಾಲು ನೋವನ್ನೂ ಮರೆತು ಅಡುಗೆಮನೆಗೆ ಓಡಿದೆ.