ಹನಿಗೊಂದು ರೂಪಾಯಿ

ಅವ್ವನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಡಾಕ್ಟರು ಅವಳಿಗೆ ನೀರಿನ ರೇಷನ್ ಹಾಕಿದರು. ದಿನಕ್ಕೆ ಎರಡು ಲೋಟ, ಅದೂ ಗುಟುಕು ಗುಟುಕಾಗಿ. ಹೆಚ್ಚು ಕುಡಿದರೆ ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಎದೆಗೇರಿ ಉಸಿರು ಕಟ್ಟುತ್ತದೆ. ಹಾಗಾಗಿ ವಾರಕ್ಕೆರಡು ಸಲ ಗೋಗಿಯಿಂದ ಶಹಾಪುರ, ಅಲ್ಲಿಂದ ಯಾದಗಿರಿ. ಆಸ್ಪತ್ರೆಯ ಯಂತ್ರ ಅವಳ ರಕ್ತ ತೊಳೆದು ಕಳಿಸುತ್ತಿತ್ತು. ಚೀಲ ಹಿಡಿಯುವುದು, ಬಾಯಿಗೆ ಬಂದದ್ದು ಹರಟುವುದು ನನ್ನ ಕೆಲಸ.

ಬಾಯಿ ಬಿಟ್ಟರೆ ನನಗೆ ಬೇರೆ ಆಸ್ತಿಯಿಲ್ಲ. ಕಂಡಕ್ಟರನ ಮೂಗಿನ ದನಿ, ಡಾಕ್ಟರರ ಕೆಮ್ಮು, ಯಂತ್ರದ ಟುಂಯ್ ಟುಂಯ್, ಫೇಲಾದ ಸುದ್ದಿ ಮನೆಯಲ್ಲಿ ಹೇಳುವಾಗಿನ ನನ್ನದೇ ಕೀರಲು ಸ್ವರ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನಕ್ಕಷ್ಟು ಹೊತ್ತು ಅವ್ವನಿಗೆ ಬಾಯಾರಿಕೆ ಮರೆಯುತ್ತದೆ ಎಂದು ನಾನೇ ನಂಬಿಕೊಂಡಿದ್ದೆ.

ಒಂದು ದಿನ ಬಸ್ಸಿನಲ್ಲಿ ಮುಂದಿನ ಸೀಟಿನವನ ಮೊಬೈಲು ಯಾವನೋ ಶ್ರೀಮಂತನ ಆಸ್ತಿಯನ್ನು ಕೂಗಿ ಹೇಳುತ್ತಿತ್ತು. ಲಕ್ಷ ಕೋಟಿಗಟ್ಟಲೆ.

"ಲಕ್ಷ ಕೋಟಿ ಅಂದ್ರ ಎಷ್ಟಲೇ?" ಅವ್ವ ಕೇಳಿದಳು.

"ಒಂದರ ಮುಂದ ಹನ್ನೆರಡು ಸೊನ್ನಿ."

"ಸೊನ್ನಿ ನಿನ್ನ ಮಾರ್ಕ್ಸ್‌ನ್ಯಾಗ ಭಾಳ ನೋಡೀನಿ. ತಿಳಿಯೋಹಂಗ ಹೇಳು."

ಅವಳಿಗೆ ತಿಳಿಯುವ ಅಳತೆ ಆಗ ಒಂದೇ ಇತ್ತು. ಒಂದು ರೂಪಾಯಿಗೆ ಒಂದು ಹನಿ ಎಂದು ಹಿಡಿದು ಮೊಬೈಲಿನಲ್ಲೇ ಲೆಕ್ಕ ಹಾಕಿದೆ. ಸುಮಾರು ಇಪ್ಪತ್ತು ಸಾವಿರ ಹನಿಗೆ ಒಂದು ಲೀಟರ್. ಅವ್ವ ಹುಡುಗಿಯಾಗಿದ್ದಾಗಿನಿಂದ ಕಳೆ ಕಿತ್ತು, ಹತ್ತಿ ಬಿಡಿಸಿ ಗಳಿಸಿದ್ದನ್ನೆಲ್ಲ ಧಾರಾಳವಾಗಿ ಕೂಡಿಸಿದರೂ ನಾಲ್ಕು ಕೊಡ ತುಂಬುವುದು ಕಷ್ಟ.

"ನಾಕು ಕೊಡ ಅಂದ್ರ ಕಡಿಮಿ ಏನಲ್ಲ ಬಿಡು," ಎಂದಳು. "ಅವಂದು?"

"ಬರೇ ಒಂದು ಲಕ್ಷ ಕೋಟಿಗೆ ಐದು ಸಾವಿರ ದೊಡ್ಡ ಟ್ಯಾಂಕರ್. ಒಂದರ ಬೆನ್ನಿಗೊಂದು ನಿಂದ್ರಿಸಿದ್ರ ಶಹಾಪುರದಿಂದ ಯಾದಗಿರಿ ಮುಟ್ಟಿ ಇನ್ನೂ ಉಳೀತಾವ."

ಅವ್ವ ಕಿಟಕಿಯಾಚೆ ನೋಡಿದಳು. ದೋರನಹಳ್ಳಿ ದಾಟಿತು, ಕಾದ ಹೊಲಗಳು ದಾಟಿದವು, ಭೀಮೆಯ ಸೇತುವೆ ಬಂತು. ಅಷ್ಟು ದೂರವೂ ಅವಳ ಕಣ್ಣು ರಸ್ತೆಯ ಅಂಚು ಬಿಡಲಿಲ್ಲ.

"ಇಷ್ಟೂ ಒಬ್ಬಂದೇ?"

"ಒಬ್ಬಂದೇ."

"ಕುಡಿಯೂದು ಎಷ್ಟು ಕುಡೀತಾನ?"

ನಾನು ಶ್ರೀಮಂತನ ಗತ್ತು ತಂದುಕೊಂಡು, "ನಮಗೂ ಡಾಕ್ಟರು ಎರಡ ಲೋಟ ಅಂದಾರಮ್ಮ," ಎಂದೆ. ಅವ್ವ ಮಾತ್ರವಲ್ಲ, ಮುಂದಿನ ಸೀಟಿನವನೂ ನಕ್ಕ.

ವೈಶಾಖದ ಒಂದು ಭಾನುವಾರ ದೋರನಹಳ್ಳಿಯಲ್ಲಿ ಅವ್ವನ ಗೆಳತಿಯ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ. ಇಬ್ಬರೂ ವರ್ಷಗಟ್ಟಲೆ ಸುತ್ತಲ ಊರುಗಳ ಹೊಲಗಳಲ್ಲಿ ಒಂದೇ ಕೂಲಿ ಗುಂಪಿನಲ್ಲಿ ಕಳೆ ಕಿತ್ತವರು. ಬೆನ್ನು ಬಗ್ಗಿಸುವಾಗ ಒಂದೇ ಸಾಲು, ಬುತ್ತಿ ಬಿಚ್ಚುವಾಗ ಬೇರೆ ಬೇರೆ ಮರದ ನೆರಳು, ಏಕೆಂದರೆ ಆಕೆಯ ಓಣಿ ಊರ ಹೊರಗಿನದು. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಅವ್ವ ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಯಂತ್ರದ ಸರದಿ, ಪಾದಗಳು ಆಗಲೇ ಬಾತಿದ್ದವು. ಆ ದಿನದ ಎರಡು ಲೋಟ ಮನೆಯಲ್ಲೇ ಮುಗಿದಿದ್ದವು.

ನಮ್ಮ ಕಡೆ ಬಂದವರ ಕೈಗೆ ಮೊದಲು ನೀರು ಕೊಡುತ್ತಾರೆ, ಮಾತು ಆಮೇಲೆ. ಚಿಗವ್ವ ಬೆಳಗಿದ ತಂಬಿಗೆಯ ತುಂಬ ನೀರು ತಂದು ಹಿಡಿದಳು. ಸುತ್ತ ಕೂತ ಹೆಂಗಸರ ಮಾತು ನಿಂತಿತು. ನಾನು ಎಂದಿನಂತೆ ನಡುವೆ ಬಾಯಿ ಹಾಕಿದೆ: "ಚಿಗವ್ವ, ಅಕಿಗೆ ಡಾಕ್ಟರು..."

"ನೀ ಸುಮ್ಮ ಕೂಡಲೇ, ಬಾಯಿಬಡಕ," ಎಂದ ಅವ್ವ ತಂಬಿಗೆ ಎತ್ತಿ, ತಳ ಕಾಣುವವರೆಗೂ ಗಟಗಟ ಕುಡಿದಳು. ಹೆಂಗಸರ ಮಾತು ಮತ್ತೆ ಶುರುವಾಯಿತು. ಚಿಗವ್ವ ಖಾಲಿ ತಂಬಿಗೆಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

ಹೊರಗೆ ಬಂದ ಮೇಲೆ ರೇಗಿದೆ. "ಜಡ್ಡು ಅದ ಅಂತ ಹೇಳಿದ್ರ ಏನಾಗ್ತಿತ್ತು?"

"ನಮ್ಮವರು ಅವರ ಮನ್ಯಾಗ ಯಾವಾಗ್ಲೂ ಅದನ್ನ ಹೇಳ್ಯಾರ. ನೆಗಡಿ ಆಗ್ಯಾದ, ಒಪ್ಪತ್ತದ, ಡಾಕ್ಟರು ಬ್ಯಾಡಂದಾರ. ನಾ ಖರೇ ಹೇಳಿದ್ರೂ ಅದೂ ಅಂಥಾದ್ದೇ ಆಗ್ತಿತ್ತು." ಸ್ವಲ್ಪ ದೂರ ನಡೆದು, "ಮತ್ತ, ತಣ್ಣಗಿತ್ತೋ ಮಾರಾಯ," ಎಂದಳು.

ಬೆಳಗಿನ ಬಸ್ಸಿನಲ್ಲಿ ಅವಳ ಎದೆ ಕುಲುಮೆಯ ತಿದಿಯಂತೆ ಏರಿಳಿಯುತ್ತಿತ್ತು. ನರ್ಸು ಬೈದಳು, ಯಂತ್ರಕ್ಕೆ ಹಾಕಿದಳು. ಆ ಸಲ ಉಳಿದಳು. ಆದರೆ ಅಲ್ಲಿಂದಾಚೆಗೆ ಎದೆ ಗಟ್ಟಿಯಾಗಲೇ ಇಲ್ಲ, ಶ್ರಾವಣ ಕಾಣಲಿಲ್ಲ. ಆ ತಂಬಿಗೆಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. "ಹಂಗ ಹೇಳಾಕ ಬರಂಗಿಲ್ಲ," ಎಂದರು. ಅವರ ಕೆಮ್ಮನ್ನು ಆಮೇಲೆ ನಾನು ಅಣಕಿಸಿಲ್ಲ.

ಮಣ್ಣಿನ ದಿನ ಚಿಗವ್ವ ಬಂದಳು. ನಮ್ಮ ಅಂಗಳದಲ್ಲಿ ಕೂತು, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: "ನಮ್ಮ ಮನ್ಯಾಗ ತಂಬಿಗಿ ತುಂಬ ನೀರು ಕುಡದ್ಲವ್ವ. ಒಂದು ಹನಿ ಬಿಡಲಿಲ್ಲ. ಅದೊಂದು ಸಮಾಧಾನ ನನಗ." ನಮ್ಮ ಬಳಗದವರು ಮುಖ ಮುಖ ನೋಡಿಕೊಂಡರು. ಎರಡು ಲೋಟದ ಲೆಕ್ಕ ಅವರಲ್ಲಿ ಕೆಲವರಿಗೆ ಗೊತ್ತಿತ್ತು. ಸೋದರಮಾವ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟ. ನಾನು ಅವನ ಮೊಣಕೈ ಒತ್ತಿ ಹಿಡಿದೆ.

ಚಿಗವ್ವ ನನ್ನತ್ತ ತಿರುಗಿದಳು. "ನೀನೂ ಇದ್ದೆಲ್ಲೋ ಅಲ್ಲಿ, ಹೇಳು ಇವರಿಗೆ. ಹೆಂಗ ಕುಡದ್ಲು?"

"ಗಟಗಟ ಕುಡದ್ಲು ಚಿಗವ್ವ," ಎಂದೆ. "ತಣ್ಣಗಿತ್ತು ಅಂದ್ಲು."