ಯಾರ ಗಾಡಿಯಲ್ಲಿ ಅತ್ತೆಗೆ ನಿದ್ದೆ ಬಂತು

ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಭದ್ರಾವತಿಯ ಬೇರೆ ಮನೆಗಳಲ್ಲಿ ಊಟಕ್ಕೆ ಕೂತರೆ ಅಕ್ಕಿಯ ಮಾತು, ಸೀಮೆಎಣ್ಣೆಯ ಮಾತು. ನಮ್ಮ ಮನೆಯಲ್ಲಿ ಮಾತ್ರ ಡ್ರೈವರ್ ಅನ್ನಿಸಿಕೊಳ್ಳಲು ನಿಜವಾಗಿ ಯಾರು ಲಾಯಕ್ಕು ಎಂಬ ಜಗಳ. ಒಂದು ಕಡೆ ನಮ್ಮ ಯಜಮಾನರು, ಇನ್ನೊಂದು ಕಡೆ ನನ್ನ ಅಣ್ಣ. ಅನ್ನ ಬಡಿಸುತ್ತಾ ನಿಂತ ನಾನು ಇಬ್ಬರಿಗೂ ಹೂಂ ಅನ್ನುತ್ತಿದ್ದೆ.

ಯಜಮಾನರು ಭದ್ರಾವತಿ-ಶಿವಮೊಗ್ಗ ನಡುವೆ ಇದ್ದಿಲ ಬಸ್ಸು ಓಡಿಸುತ್ತಿದ್ದರು. ಪೆಟ್ರೋಲಿಗೆ ಕೂಪನ್ ಬಂದ ಮೇಲೆ ಬಸ್ಸಿನ ಮಾಲೀಕರು ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಒಲೆ ಕೂರಿಸಿದ್ದರು. ಬೆಳಗಾಗುತ್ತಲೇ ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಚಕ್ರ ತಿರುಗಿಸಿ ಗಾಳಿ ಊದಬೇಕು. ಅದರಿಂದ ಹುಟ್ಟಿದ ಗ್ಯಾಸು ಇಂಜಿನ್ನಿಗೆ ಹೋಗಿ, ಇಂಜಿನ್ನು ನಾಲ್ಕು ಸಲ ಕೆಮ್ಮಿ, ಆಮೇಲೆ ಮನಸ್ಸಿದ್ದರೆ ಹೊರಡುವುದು. ಏರು ಬಂದರೆ ಜನ ಇಳಿದು ತಳ್ಳಬೇಕು. ಯಜಮಾನರು ಮನೆಗೆ ಬರುವಾಗ ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು.

ಅಣ್ಣ ನಮ್ಮೂರಿನದೇ ಒಬ್ಬ ವಕೀಲರ ಕಾರಿನ ಡ್ರೈವರು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿದ್ದಾಗ ಯಾವುದೋ ಬಯಲಿನಲ್ಲಿ ನಡೆದ ಕಾರುಗಳ ಓಟದಲ್ಲಿ ಎರಡನೆಯವನಾಗಿ ಬಂದಿದ್ದ. ಅವತ್ತು ಓಡಿದ್ದು ಎರಡೇ ಕಾರು ಎಂಬುದನ್ನು ಯಜಮಾನರು ಮರೆಯಲು ಬಿಡುತ್ತಿರಲಿಲ್ಲ. ಕೂಪನ್ ಸಾಲದೆ ವಕೀಲರ ಕಾರು ಹೆಚ್ಚಿನ ದಿನ ಕೊಟ್ಟಿಗೆಯಲ್ಲೇ ನಿಂತಿರುತ್ತಿತ್ತು. ಅಣ್ಣ ಆದರೂ ದಿನಾ ಅದರೊಳಗೆ ಕೂತು, ಇಂಜಿನ್ ಹಾಕದೆ, ಗೇರು ಬದಲಾಯಿಸಿ, ತಿರುವು ತೆಗೆದುಕೊಂಡು, ಬ್ರೇಕು ಒತ್ತಿ ಅಭ್ಯಾಸ ಮಾಡುತ್ತಿದ್ದ. ಬೆವರು ಒರೆಸಿಕೊಂಡು ಇಳಿಯುತ್ತಿದ್ದನೆಂದು ಅತ್ತಿಗೆ ಹೇಳುತ್ತಿದ್ದಳು.

"ಮುಂದಿನ ಕಾರು ಧೂಳು ಎಬ್ಬಿಸ್ತಾ ಇರುತ್ತೆ ಭಾವ. ತಿರುವು ಎಲ್ಲಿದೆ ಅಂತ ಕಾಣಲ್ಲ. ಬ್ರೇಕ್ ಒತ್ತು ಅನ್ನುತ್ತೆ ಜೀವ, ಒತ್ತಬೇಡ ಅನ್ನುತ್ತೆ ಕಾಲು. ಆ ಒಂದು ಗಳಿಗೆಗೆ ಬೇಕಾದ ಧೈರ್ಯ ನಿಮ್ಮ ಬಸ್ಸಲ್ಲಿ ನೂರು ವರ್ಷ ಕೂತ್ರೂ ಬರಲ್ಲ," ಎನ್ನುತ್ತಿದ್ದ ಅಣ್ಣ.

"ನೂರು ವರ್ಷ ಯಾಕೆ ಮಾರಾಯ, ಅರ್ಧ ದಾರಿ, ಮಾಚೇನಹಳ್ಳಿವರೆಗೆ ಕೂತು ನೋಡು," ಎನ್ನುತ್ತಿದ್ದರು ಯಜಮಾನರು. "ಓಡೋ ಗಾಡೀನ ಯಾರು ಬೇಕಾದ್ರೂ ಓಡಿಸ್ತಾರೆ. ಓಡಲ್ಲ ಅಂತ ಹಟ ಹಿಡಿದಿರೋದನ್ನ ಓಡಿಸ್ಬೇಕು, ಅದು ಕೆಲಸ."

ಇದು ಹೀಗೇ ನಡೆಯುತ್ತಿದ್ದಾಗ ಮೂರನೆಯವನೊಬ್ಬ ಬಂದ. ಸಂತೆ ಮೈದಾನದಲ್ಲಿ ಸಾವಿನ ಬಾವಿಯ ಆಟದವರು ಬಿಡಾರ ಹೂಡಿದ್ದರು. ಹಲಗೆಗಳನ್ನು ಜೋಡಿಸಿ ಕಟ್ಟಿದ ದುಂಡನೆಯ ಬಾವಿ. ಅದರ ಗೋಡೆಯ ಮೇಲೆ ಒಬ್ಬ ಮೋಟಾರ್ ಸೈಕಲ್ಲಿನಲ್ಲಿ ಸುತ್ತುವುದು. ಜನ ಮೇಲಿನ ಅಟ್ಟದಲ್ಲಿ ನಿಂತು ಬಗ್ಗಿ ನೋಡುವುದು. ಅವರ ಪೆಟ್ರೋಲು ಮುಗಿಯಿತು. ಆಟದ ಮಾಲೀಕ ಪೆಟ್ರೋಲು ತರುತ್ತೇನೆಂದು ಸೇಲಂ ಕಡೆ ಹೋದವನು ತಿರುಗಿ ಬರಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಚದುರಿದರು. ಸವಾರ ಮಾತ್ರ ಬಾವಿಗೂ ಮೋಟಾರ್ ಸೈಕಲ್ಲಿಗೂ ಕಾವಲಾಗಿ ಉಳಿದ. ನಮ್ಮ ಜಗಲಿಯ ಕೋಣೆ ಖಾಲಿ ಇತ್ತು, ಅತ್ತೆ ಅವನನ್ನು ಅಲ್ಲಿ ಇರಿಸಿಕೊಂಡರು.

ಸಾವಿನ ಜೊತೆ ಆಡುವವನೆಂದು ನಾನು ಮೀಸೆಯ ದೊಡ್ಡ ಆಳನ್ನು ಊಹಿಸಿದ್ದೆ. ಬಂದದ್ದು ಒಂದು ಹಿಡಿ ಮನುಷ್ಯ. ಎಮ್ಮೆ ಕಂಡರೆ ಗೋಡೆಗೆ ಅಂಟಿಕೊಳ್ಳುವ. ರಸ್ತೆ ದಾಟಬೇಕಾದರೆ ನನ್ನ ಹಿಂದೆ ಬರುವ.

"ರೋಡ್ ಅಂದ್ರೆ ಭಯ ಅಕ್ಕಾ," ಎಂದ ಒಂದು ದಿನ, ತಮಿಳು ಬೆರೆತ ಕನ್ನಡದಲ್ಲಿ. "ಎದುರಿಂದ ಬರ್ತಾರೆ. ಬಾವಿಯಲ್ಲಿ ಯಾರೂ ಎದುರು ಬರಲ್ಲ."

ಅವನು ಎಂದೂ ಬಲಕ್ಕೆ ತಿರುಗಿದವನಲ್ಲ ಎಂಬುದೂ ಆಗ ಗೊತ್ತಾಯಿತು. ಬಾವಿಯಲ್ಲಿ ಸುತ್ತುವುದು ಎಡಕ್ಕೇ. ಅದನ್ನು ಬಿಟ್ಟು ಬೇರೆಲ್ಲೂ ಅವನು ಗಾಡಿ ಹತ್ತಿದ್ದಿಲ್ಲ. ಇದನ್ನು ಕೇಳಿ ಅಣ್ಣನೂ ಯಜಮಾನರೂ ಒಟ್ಟಿಗೆ ನಕ್ಕರು. ಅವನು ನೊಂದುಕೊಳ್ಳದೆ ಹೇಳಿದ: "ನಿಧಾನ ಆದ್ರೆ ಬೀಳ್ತೀನಿ ಸಾರ್. ಜೋರಾದ್ರೆ ಅಟ್ಟದ ಜನರ ಮೇಲೆ ಹಾರ್ತೀನಿ. ಕಣ್ಣು ಕೆಳಗೆ ಹೋದ್ರೆ ತಲೆ ಸುತ್ತುತ್ತೆ. ಕಿವಿಯಲ್ಲೇ ಓಡಿಸ್ಬೇಕು."

ಇಬ್ಬರೂ ನಗು ನಿಲ್ಲಿಸಿದರು. ಆವತ್ತಿನಿಂದ ಜಗಳ ಮೂರು ಮೂಲೆಯದಾಯಿತು.

ನಮ್ಮ ಅತ್ತೆಗೆ ಮಾವ ತೀರಿಕೊಂಡ ಮೇಲೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಕಷಾಯ ಕುಡಿದಿದ್ದರು, ಪಾದಕ್ಕೆ ಹರಳೆಣ್ಣೆ ತಿಕ್ಕಿಸಿಕೊಂಡಿದ್ದರು, ಏನೂ ಆಗಿರಲಿಲ್ಲ. ಒಂದು ಭಾನುವಾರ ಮೂವರೂ ಏರಿದ ದನಿಯಲ್ಲಿ ವಾದಿಸುತ್ತಿದ್ದಾಗ ಅತ್ತೆ ಎಲೆಯಡಿಕೆಯ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು.

"ಸಾಕು ನಿಲ್ಸ್ರೋ. ಯಾರ ಗಾಡೀಲಿ ನಂಗೆ ನಿದ್ದೆ ಬರುತ್ತೋ ಅವನೇ ಡ್ರೈವರು. ಉಳಿದೋರು ಇನ್ಮೇಲೆ ಬಾಯಿ ಬಿಡಕೂಡ್ದು."

ನಿದ್ದೆಗೂ ಗಾಡಿ ಓಡಿಸುವುದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಮೂವರೂ ಗಂಭೀರವಾಗಿ ಒಪ್ಪಿಕೊಂಡರು. ನಾನು ಅತ್ತೆಯ ಜೊತೆಗಿದ್ದು ನಿದ್ದೆ ಬಂತೋ ಇಲ್ಲವೋ ಎಂದು ಸಾಕ್ಷಿ ಹೇಳಬೇಕೆಂದಾಯಿತು.

ಮೊದಲ ಸರದಿ ಯಜಮಾನರದು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದರು. ಬಸ್ಸು ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ ಹೊರಟಿತು. ಅತ್ತೆಯ ರೆಪ್ಪೆ ಭಾರವಾಗುತ್ತಾ ಬಂತು. ಯಜಮಾನರು ಕನ್ನಡಿಯಲ್ಲಿ ನನಗೆ ಕಣ್ಣು ಮಿಟುಕಿಸಿದರು. ಅಷ್ಟರಲ್ಲಿ ಏರು ಬಂತು, ಬಸ್ಸು ನಿಂತಿತು, ಕಂಡಕ್ಟರು ಎಂದಿನ ರೂಢಿಯಲ್ಲಿ "ಎಲ್ರೂ ಇಳೀರಿ, ತಳ್ರಿ!" ಎಂದು ಕೂಗಿದ. ಅತ್ತೆ ಕಣ್ಣು ಬಿಟ್ಟವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದರು. "ಅವ್ವಾ, ನೀನು ಕೂತ್ಕೋ, ನೀನು ಮಲ್ಗು!" ಎಂದು ಯಜಮಾನರು ಅಂಗಲಾಚಿದರೂ ಕೇಳಲಿಲ್ಲ. ಶಿವಮೊಗ್ಗ ಸೇರುವ ತನಕ ಬಸ್ಸು ನಿಂತಾಗಲೆಲ್ಲ ಇಳಿದರು. ಇಬ್ಬರು ಗುಮಾಸ್ತರನ್ನು ಸರಿಯಾಗಿ ತಳ್ಳುತ್ತಿಲ್ಲ ಎಂದು ಗದರಿದರು. ಮನೆಗೆ ಬಂದಾಗ ಅವರಷ್ಟು ಗೆಲುವಾಗಿದ್ದವರನ್ನು ನಾನು ಕಂಡಿರಲಿಲ್ಲ. ನಿದ್ದೆ ಮಾತ್ರ ದೂರವೇ ಉಳಿಯಿತು.

ಅಣ್ಣನ ಸರದಿಗೆ ವಕೀಲರು ತಾವೇ ಉತ್ಸಾಹದಿಂದ ಕಾರು ಕೊಟ್ಟರು. ಭದ್ರಾವತಿ ಬಿಟ್ಟು ನೇರ ರಸ್ತೆ ಸಿಕ್ಕಿದ್ದೇ ತಡ, ಎಷ್ಟೋ ತಿಂಗಳು ಕೊಟ್ಟಿಗೆಯಲ್ಲಿ ಕೂತು ಅಭ್ಯಾಸ ಮಾಡಿದ್ದನ್ನೆಲ್ಲ ಅಣ್ಣ ಒಂದೇ ಸಲಕ್ಕೆ ಹೊರತೆಗೆದ. ಮರಗಳು ನಮ್ಮ ಮೇಲೆ ನುಗ್ಗಿ ಬಂದವು. ಅತ್ತೆ ನನ್ನ ಮೊಣಕೈ ಹಿಡಿದು, ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು, ಅದು ಮುಗಿದ ಮೇಲೆ ತೀರಿಕೊಂಡ ನೆಂಟರನ್ನು ಹೆಸರು ಹಿಡಿದು ಕರೆಯತೊಡಗಿದರು. ಮಾಚೇನಹಳ್ಳಿ ಹತ್ತಿರ ಪೆಟ್ರೋಲು ಮುಗಿದು ಕಾರು ತಾನಾಗಿ ನಿಂತಿತು. ಅಲ್ಲಿನ ರೈತರೊಬ್ಬರು ಎತ್ತಿನ ಜೋಡಿಯನ್ನು ತಂದು ಹಗ್ಗ ಕಟ್ಟಿ ಕಾರನ್ನು ಭದ್ರಾವತಿಗೆ ಎಳೆಸಿದರು. ಎತ್ತುಗಳು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಅತ್ತೆ ನನ್ನ ಹೆಗಲಿಗೊರಗಿ ಗೊರಕೆ ಹೊಡೆಯಲು ಶುರುಮಾಡಿದರು.

"ಬಂತು! ನಿದ್ದೆ ಬಂತು!" ಎಂದು ಅಣ್ಣ ಕೂಗಿದ. ಅತ್ತೆಗೆ ಎಚ್ಚರವಾಯಿತು.

ಮನೆಯಲ್ಲಿ ದೊಡ್ಡ ರಂಪ. "ಸ್ಟೇರಿಂಗ್ ನನ್ನ ಕೈಲೇ ಇತ್ತು ಭಾವ!" ಎಂದು ಅಣ್ಣ. "ಹಾಗಾದ್ರೆ ಎತ್ತುಗಳಿಗೆ ಲೈಸೆನ್ಸ್ ಕೊಡ್ಸು," ಎಂದು ಯಜಮಾನರು. ಸಾಕ್ಷಿ ಹೇಳು ಎಂದು ಇಬ್ಬರೂ ನನ್ನತ್ತ ತಿರುಗಿದರು. ನಿದ್ದೆ ಬಂದದ್ದು ನಿಜ, ಕಾರು ಓಡಿದ್ದು ಸುಳ್ಳು ಎಂದೆ. ಅಣ್ಣ ಅವತ್ತು ಮಜ್ಜಿಗೆ ಬಡಿಸಿಕೊಳ್ಳದೆ ಎದ್ದ.

ಆದರೂ ಅವನಲ್ಲಿ ಓಟಗಾರನ ದೊಡ್ಡತನ ಇತ್ತು. ಸವಾರನ ಸರದಿಗೆ ಪೆಟ್ರೋಲು ಇಲ್ಲ ಎಂದಾಗ, ವಕೀಲರಿಗೆ ಹೇಳಿ ಒಂದು ಸಣ್ಣ ಡಬ್ಬಿಯಲ್ಲಿ ತಂದುಕೊಟ್ಟವನು ಅವನೇ. ಬಾವಿಯೊಳಗೆ ಅತ್ತೆಯನ್ನು ಹಿಂದೆ ಕೂರಿಸುವಂತಿಲ್ಲವಲ್ಲ. ಮೇಲಿನ ಅಟ್ಟದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಸವಾರ ಕೆಳಗಿನಿಂದ ಅತ್ತೆಗೆ ಕೈಮುಗಿದು ಇಂಜಿನ್ ಹಾಕಿದ. ಎಮ್ಮೆಗೆ ಹೆದರುವ ಆ ಮನುಷ್ಯ ಗೋಡೆಗೆ ಹತ್ತಿ, ಹಲಗೆಗಳೆಲ್ಲ ಗಡಗಡ ನಡುಗುವ ಹಾಗೆ ಸುತ್ತತೊಡಗಿದ. ಅಣ್ಣ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ. ಯಜಮಾನರು, ಹಿಡಿ ಹಿಡಿ ಎನ್ನುವಂತೆ, ಕೈಯನ್ನು ಮುಂದೆ ಚಾಚಿ ನಿಂತಿದ್ದರು. ಕೈ ಬಿಟ್ಟು ಒಂದು ಸುತ್ತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದು ಸುತ್ತು. ಪೆಟ್ರೋಲು ತೀರುವ ಸದ್ದು ಕಿವಿಗೆ ಬಿದ್ದೊಡನೆ ಮೆತ್ತಗೆ ಇಳಿದು ನಿಂತ.

ಅತ್ತೆಯತ್ತ ತಿರುಗಿದೆ. ಬಾಯಿ ಅರ್ಧ ತೆರೆದು, ಕೈ ಮಡಿಲಲ್ಲಿಟ್ಟು, ಎಳೆಗೂಸಿನ ಹಾಗೆ ನಿದ್ರಿಸುತ್ತಿದ್ದರು. ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ಸಂಜೆ ಆಗುವವರೆಗೂ ನಾವು ನಾಲ್ವರೂ ಆ ಅಟ್ಟದ ಮೇಲೆ ಮಾತಿಲ್ಲದೆ ಕಾದೆವು. ಅತ್ತೆ ಗಾಡಿಯ ಒಳಗಿರಲಿಲ್ಲ ಎಂಬ ತಕರಾರು ಯಜಮಾನರ ಬಾಯಿಯ ತುದಿಗೆ ಬಂದದ್ದನ್ನು ನಾನು ನೋಡಿದೆ. ಅದನ್ನು ಅವರು ನುಂಗಿಕೊಂಡರು. ಅಮ್ಮ ಅಷ್ಟು ಹೊತ್ತು ಮಲಗಿದ್ದನ್ನು ಅವರು ನೋಡದೆ ಬಹಳ ಕಾಲವಾಗಿತ್ತು.

ಗೆದ್ದವನಿಗೆ ಕೆಲಸ ಬೇಕಿತ್ತು. ಯಜಮಾನರೇ ಮಾಲೀಕರ ಹತ್ತಿರ ಹೋಗಿ, ಬಸ್ಸಿಗೆ ಎರಡನೆಯ ಡ್ರೈವರಾಗಿ ತೆಗೆದುಕೊಳ್ಳಿ ಎಂದರು. ಬಸ್ಸು ಓಡಿಸಲು ತಾವೇ ಕಲಿಸಿದರು. ಎದುರಿನಿಂದ ಬರುವವರ ಭಯ ಹೋಗಲಿ ಎಂದು ನಾನು ಮಧ್ಯಾಹ್ನ ಹೊಳೆ ದಂಡೆಯ ರಸ್ತೆಯಲ್ಲಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಎದುರಾಗಿ ನಡೆಯುತ್ತಿದ್ದೆ. ಮೊದಲ ದಿನ ನನ್ನನ್ನು ಕಂಡು ಅವನೇ ಬಸ್ಸಿನಿಂದ ಹಾರಿಕೊಂಡ. ಬಸ್ಸು ಇದ್ದಿಲಿನದಾದ್ದರಿಂದ ನನ್ನ ಹತ್ತಿರ ಬರುವಷ್ಟರಲ್ಲಿ ತಾನೇ ಆರಿಹೋಯಿತು. ಆಮೇಲಾಮೇಲೆ ಸುಧಾರಿಸಿದ.

ಬಲಕ್ಕೆ ತಿರುಗುವುದೊಂದು ಮಾತ್ರ ಅವನಿಗೆ ಹಿಡಿಸಲಿಲ್ಲ. ಯಜಮಾನರಿಗೆ ಕಾಮಾಲೆ ಬಂದು ಮಲಗಿದಾಗ ಅವನೊಬ್ಬನೇ ಬಸ್ಸು ಒಯ್ಯಬೇಕಾಯಿತು. ಶಿವಮೊಗ್ಗದಲ್ಲಿ ಬಲಕ್ಕೆ ತಿರುಗಬೇಕಾದ ಕಡೆಯಲ್ಲೆಲ್ಲ ನೇರ ಮುಂದೆ ಹೋಗಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ಸುತ್ತಿ ಬರುತ್ತಿದ್ದ. ಬಸ್ಸು ಕೋಟೆಯ ಬೀದಿ, ತುಂಗೆಯ ದಂಡೆ, ಕುಂಬಾರರ ಓಣಿ ಎಲ್ಲ ಕಡೆ ಹಾಯತೊಡಗಿತು. ಜನ ತಮ್ಮ ಮನೆಯ ಬಾಗಿಲಲ್ಲೇ ಇಳಿದು ಅವನನ್ನು ಹರಸಿದರು. ಯಜಮಾನರು ಗುಣವಾಗಿ ಕೆಲಸಕ್ಕೆ ಹೋದ ದಿನ ಹಳೆಯ ದಾರಿಯಲ್ಲಿ ಓಡಿಸಿದ್ದಕ್ಕೆ ಪ್ಯಾಸೆಂಜರುಗಳು ಗಲಾಟೆ ಮಾಡಿದರು. "ಸುತ್ತೋಕೆ ಬರದೇ ಇರೋನು ಎಂಥಾ ಡ್ರೈವರ್ರೀ?" ಎಂದು ಒಬ್ಬ ಮುದುಕರು ಅಂದರಂತೆ. ಆ ಮಾತನ್ನು ಯಜಮಾನರು ಮನೆಯಲ್ಲಿ ಮೂರು ಸಲ ಹೇಳಿದರು. ಮರುದಿನದಿಂದ ಅವರೂ ಎಡಕ್ಕೆ ಸುತ್ತಿದರು.

ಯುದ್ಧ ಮುಗಿಯುವ ಹೊತ್ತಿಗೆ ಕೊಯಮತ್ತೂರಿನ ಒಂದು ಆಟದ ಕಂಪನಿಯವರು ಸವಾರನನ್ನು ಬಾವಿಯ ಸಮೇತ ಕರೆಸಿಕೊಂಡರು. ಕಳಿಸಲು ನಾವೆಲ್ಲ ಸ್ಟೇಷನ್ನಿಗೆ ಹೋದೆವು. ಅವನು ಅತ್ತೆಯ ಕಾಲಿಗೆ ಬಿದ್ದು ಅತ್ತ. ಅತ್ತೆಯೂ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಇವನನ್ನು ಕರೆದೊಯ್ಯುವವನು ಎಂಥವನೋ ನೋಡಬೇಕೆಂದು ನೇರವಾಗಿ ರೈಲಿನ ಇಂಜಿನ್ನಿನ ಹತ್ತಿರ ನಡೆದರು. ನಾನು ಹಿಂದೆ ಓಡಿದೆ.

"ಎಲ್ಲಿ ತಿರುಗಿಸ್ತೀಯಪ್ಪಾ ಇದನ್ನ?" ಎಂದು ಡ್ರೈವರನ್ನು ಕೇಳಿದರು.

"ನಾನು ತಿರುಗ್ಸಲ್ಲ ಅಮ್ಮ. ಹಳಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ಮತ್ತೆ ನೀನ್ಯಾಕೆ?"

ಅವನು ಸ್ವಲ್ಪ ಯೋಚಿಸಿ, "ನಿಲ್ಸೋಕೆ," ಎಂದ.

ಮನೆಗೆ ಬಂದು ಅತ್ತೆ ಇದನ್ನು ಹೇಳಿ, ಎಲ್ಲರಿಗಿಂತ ದೊಡ್ಡವನು ಅವನೇ ಇರಬಹುದು ಎಂದರು. ಅಣ್ಣ ಊಟದ ತಟ್ಟೆ ದೂಡಿ ಎದ್ದು ನಿಂತ.

"ತಿರುಗ್ಸೋಕಿಲ್ಲ ಅಂದ್ಮೇಲೆ ಅದೆಂಥ ಡ್ರೈವಿಂಗ್ ಅತ್ತೆಮ್ಮ?"

"ಅಲ್ಲಾ ಮತ್ತೆ!" ಎಂದರು ಯಜಮಾನರು. "ಅದು ಒಲೆ ಕಾಯೋ ಕೆಲ್ಸ. ಇವನು ಹೇಳೋದು ಸರಿ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಆ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಮಾತನ್ನು ಸರಿ ಅಂದದ್ದನ್ನು ಕೇಳಿದ್ದು ಅದೇ ಮೊದಲು. ಅಣ್ಣ ಮತ್ತೆ ಕೂತ, ರೈಲಿನವರನ್ನು ಬೈಯುತ್ತಾ ಇಬ್ಬರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡರು.