ಕ್ಲಚ್ಚಿಲ್ಲದ ಮನೆಗಾಡಿ

ಎರಡು ಗಾಡಿ ನಿಂತಿದ್ದವು. ಯಾವುದು ಬೇಕೋ ಆರಿಸಿಕೊಳ್ಳಿ ಅಂದರು, ನಾನು ಆರಿಸಿದೆ. ಯಾರೂ ನನ್ನ ಕೈ ಹಿಡಿದು ಸಹಿ ಮಾಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳುತ್ತ ಹೋದಂತೆ ನಾನು ನನ್ನ ಪರವಾಗಿ ವಾದ ಹೂಡಲು ಶುರುಮಾಡುತ್ತೇನೆ. ಅದು ನನ್ನ ಹಳೆಯ ಚಾಳಿ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಎರಡೋ ಮೂರೋ ವರ್ಷ ಆಗಿತ್ತು. ಎಷ್ಟೋ ಕಚೇರಿಗಳ ಬೋರ್ಡಿನ ಮೇಲೆ ಇನ್ನೂ ಮೈಸೂರೇ ಇತ್ತು. ನಾನು ಶಹಾಬಾದಿನಲ್ಲಿ ಒಂದು ಧರ್ಮಸಂಸ್ಥೆಯ ಸಂಚಾರಿ ದವಾಖಾನೆಯ ಡಾಕ್ಟರು. ಸೋಮವಾರ ಹೊರಟರೆ ಶನಿವಾರ ವಾಪಸು. ಒಂದು ವಾರ ಸನ್ನತಿ ಕಡೆ ಭೀಮಾ ದಂಡೆಯ ಹಳ್ಳಿಗಳು, ಇನ್ನೊಂದು ವಾರ ಸೇಡಂ, ಮತ್ತೊಂದು ವಾರ ಕೊಡ್ಲಿ, ಚಿಂಚೋಳಿ. ನಮ್ಮದು ಮೂವರ ಸಂಸಾರ: ನಾನು, ನನಗಿಂತ ಹತ್ತು ವರ್ಷ ದೊಡ್ಡವರಾದ ನರ್ಸು, ಮತ್ತು ಡ್ರೈವರು. ನರ್ಸನ್ನು ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ಡ್ರೈವರನ್ನು ನಾವಿಬ್ಬರೂ ಚಾಚಾ ಅನ್ನುತ್ತಿದ್ದೆವು. ವಾಡಿಯವರು, ಐವತ್ತು ದಾಟಿದವರು, ಬೆಳಗಿನ ನಮಾಜು ತಪ್ಪಿಸದವರು. ನಾನು ಎಷ್ಟು ರೇಗಿದರೂ "ಹೌದರಿ ಬಾಯಾರ" ಅಂತ ಒಂದೇ ಮಾತಿನಲ್ಲಿ ನನ್ನ ಸಿಟ್ಟಿಗೆ ನೀರೆರಚುತ್ತಿದ್ದರು. ನಾನು ರೇಗುತ್ತಿದ್ದುದೇನು ಕಡಿಮೆಯೆ? ಸಿಟ್ಟು ಸದಾ ಮೂಗಿನ ತುದಿಯಲ್ಲಿರುತ್ತಿತ್ತು.

ವಾಡಿಯ ಡ್ರೈವರುಗಳಲ್ಲಿ ಒಂದು ಪದ್ಧತಿಯಿತ್ತು. ಹೊಸಬನೊಬ್ಬ ಕಲಿತು ಮುಗಿಸಿದನೆಂದರೆ ಒಬ್ಬ ಉಸ್ತಾದ ಅವನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. ರಸ್ತೆ ನೋಡುವಂತಿಲ್ಲ, ಗೇರಿನ ಸದ್ದು ಮಾತ್ರ ಕೇಳಬೇಕು. ಒಂದು ಸಲ ಗೇರು ಹಲ್ಲು ಕಡಿದರೂ ಸಾಕು, ಆ ಹೊಸಬ ಅಲ್ಲಿದ್ದವರಿಗೆಲ್ಲ ಚಾ ಕುಡಿಸಿ, ಇನ್ನೊಂದು ತಿಂಗಳು ಕಲಿಯಬೇಕು. ಹಾಗೆ ಕಣ್ಣು ಮುಚ್ಚಿ ಕೂರುವ ಉಸ್ತಾದ ನಮ್ಮ ಚಾಚಾನೇ. ಮಳೆಗಾಲದ ಎರೆಮಣ್ಣಿನಲ್ಲಿ ಎರಡನೇ ಗೇರಿಗೆ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಒತ್ತಿ ಹಿಡಿದು, ಹಳ್ಳಿಯ ಒಳಗೇ ತಂದು ನಿಲ್ಲಿಸುತ್ತಿದ್ದರು. ಆ ಹೆಮ್ಮೆ ಅವರ ಮುಖದಲ್ಲಿ ಕಾಣುತ್ತಿತ್ತು, ಬಾಯಲ್ಲಿ ಎಂದೂ ಬರುತ್ತಿರಲಿಲ್ಲ.

ಹಳೆಯ ವ್ಯಾನಿನಲ್ಲಿ ನಾಲ್ಕು ವರ್ಷ ತಿರುಗಿದೆವು. ಔಷಧಿಯ ಪೆಟ್ಟಿಗೆಗಳ ನಡುವೆ ನಾನೂ ಸಿಸ್ಟರೂ ಮಲಗುತ್ತಿದ್ದೆವು, ಚಾಚಾ ಶಾಲೆಯ ಕಟ್ಟೆಯ ಮೇಲೆ. ಎಲ್ಲಕ್ಕೂ ಹೊಂದಿಕೊಂಡೆವು, ಒಂದಕ್ಕೆ ಆಗಲಿಲ್ಲ. ಬಯಲುಸೀಮೆಯಲ್ಲಿ ಗಿಡದ ಮರೆ ಅನ್ನುವುದು ಎಲ್ಲಿದೆ? ಕತ್ತಲೆ ಇರುವಾಗಲೇ ತಂಬಿಗೆ ಹಿಡಿದು ಹೋಗಬೇಕು, ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. "ಡಾಕ್ಟರಬಾಯಿ ಎಲ್ಲಿಗ ಹೊಂಟಾಳ" ಅಂತ ಊರಿನ ಅರ್ಧ ಮಕ್ಕಳು ಹಿಂದೆ. ಮಧ್ಯಾಹ್ನದ ಮೇಲೆ ನಾನು ನೀರೇ ಮುಟ್ಟುತ್ತಿರಲಿಲ್ಲ. ಹೆಂಗಸರಿಗೆಲ್ಲ ನೀರು ಕುಡೀರಿ, ನೀರು ಕುಡೀರಿ ಅಂತ ಪಾಠ ಹೇಳುವ ನಾನು ಎರಡು ಸಲ ಉರಿಮೂತ್ರವಾಗಿ ಜ್ವರ ಬಂದು ಮಲಗಿದೆ. ಚಾಚಾ ಕೇಳಿದಾಗ ನನಗೆ ಮಲೇರಿಯಾ ಅಂತ ಹೇಳಿದೆವು.

ಹಾಗಿರುವಾಗ ಆ ಎರಡು ಗಾಡಿಗಳು ಬಂದವು. ಪರದೇಶದ ಯಾರೋ ಪುಣ್ಯಾತ್ಮರು ಬಳಸಿ ದಾನ ಕೊಟ್ಟ ಗಾಡಿಗಳು. ಒಳಗೆ ಮಂಚ, ಒಲೆ, ಕಪಾಟು, ಕಿಟಕಿಗೆ ಪರದೆ. ಅಕ್ಷರಶಃ ಚಕ್ರದ ಮೇಲಿನ ಮನೆ. ಒಂದು ನಮಗೆ, ಉಳಿದದ್ದು ಬೇರೆ ಜಿಲ್ಲೆಗೆ. ಹಳಬರೆಂದು ಮೊದಲು ಆರಿಸುವ ಹಕ್ಕು ನನಗೆ ಕೊಟ್ಟರು.

ನೀಲಿ ಗಾಡಿಗೆ ಕ್ಲಚ್ಚೇ ಇರಲಿಲ್ಲ. ಕಾಲ ಬಳಿ ಎರಡೇ ಪೆಡಲು. ಗೇರು ಬದಲಿಸುವ ಕೆಲಸವನ್ನು ಗಾಡಿಯೇ ಮಾಡಿಕೊಳ್ಳುತ್ತದೆ ಅಂದರು. ಬಿಳಿ ಗಾಡಿ ನಮ್ಮ ಹಳೆಯದರ ಹಾಗೆ ಕೈಗೇರಿನದು, ಕ್ಲಚ್ಚು ಕಲ್ಲಿನಷ್ಟು ಗಟ್ಟಿ. ಆದರೆ ಬಿಳಿ ಗಾಡಿಯ ಹಿಂಬದಿಯಲ್ಲಿ ಒಂದು ಕಿರುಬಾಗಿಲಿತ್ತು. ತೆರೆದು ನೋಡಿದೆ. ಒಬ್ಬರು ಕೂರುವಷ್ಟು ಜಾಗ, ಕೆಳಗೆ ಎಳೆದು ತೆಗೆಯುವ ಡಬ್ಬಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ನಾನೂ ಸಿಸ್ಟರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಲ್ಲಿಗೆ ನನ್ನ ತೀರ್ಮಾನ ಆಗಿಹೋಯಿತು.

ಅಷ್ಟರಲ್ಲಿ ಚಾಚಾ ನೀಲಿ ಗಾಡಿ ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದರು. ಮತ್ತೊಂದು ಸುತ್ತು. ಎಡಗಾಲನ್ನು ಮಡಚಿ, ಮನೆಯಲ್ಲಿ ಊಟಕ್ಕೆ ಕೂತವರ ಹಾಗೆ ಕೂತು ಓಡಿಸುತ್ತಿದ್ದರು. ಇಳಿದು ಬಂದವರ ಮುಖ ಅರಳಿತ್ತು. ನಾಲ್ಕು ವರ್ಷದಲ್ಲಿ ನನ್ನ ಬಳಿ ಏನನ್ನೂ ಬೇಡದ ಮನುಷ್ಯ ಅಂದು ಬೇಡಿದರು.

"ಬಾಯಾರ, ಇದ ತಗೋರಿ."

"ಯಾಕ ಚಾಚಾ?"

"ಭಾಳ ಹಗುರ ಅದರಿ."

"ಹಗುರ ಅಂದ್ರ?"

"ಹಗುರ ಅಂದ್ರ... ಹಗುರರಿ," ಅಂದು ನೆಲ ನೋಡಿದರು.

ನಿಜವಾದ ಕಾರಣ ಹೇಳಲು ನನಗೆ ನಾಲಿಗೆ ಏಳಲಿಲ್ಲ. ತಂದೆಯ ವಯಸ್ಸಿನ ಗಂಡಸಿನ ಮುಂದೆ ಆ ಕಿರುಬಾಗಿಲಿನ ಮಾತು ಹೇಗೆ ಎತ್ತುವುದು? ಅದರ ಬದಲು ಎರೆನೆಲದ ಮಾತು ಎತ್ತಿದೆ. ಕೆಸರಿನಲ್ಲಿ ಈ ಗಾಡಿ ತನ್ನ ಬುದ್ಧಿಯಿಂದ ಗೇರು ಬದಲಿಸಿದರೆ ಏನು ಗತಿ, ಕೆಟ್ಟರೆ ವಾಡಿಯಲ್ಲಿ ಯಾವ ಮೇಸ್ತ್ರಿ ಬಿಚ್ಚುತ್ತಾನೆ ಅಂತ ಕೇಳಿದೆ. ಸುಳ್ಳೇನಲ್ಲ, ಆದರೆ ಅದು ನನ್ನ ಕಾರಣವಾಗಿರಲಿಲ್ಲ. ಚಾಚಾ ಎಂದಿನಂತೆ ಹೌದರಿ ಅನ್ನಲಿಲ್ಲ. ನನಗೆ ರೇಗಿತು. ನಗುನಗುತ್ತಲೇ ಕುಟುಕಿದೆ.

"ಗೇರಿಲ್ಲದ ಗಾಡಿ ಹೊಡದ್ರ ವಾಡ್ಯಾಗ ನಿಮ್ಮನ್ನ ಉಸ್ತಾದ ಅಂತಾರೇನು ಚಾಚಾ? ಹೆಣ್ಣುಮಕ್ಕಳೂ ಹೊಡೀತಾರ ಅದನ್ನ."

ಸುತ್ತ ನಿಂತಿದ್ದ ನಾಲ್ಕು ಜನ ನಕ್ಕರು. ಚಾಚಾ ಕೂಡ ನಕ್ಕ ಹಾಗೆ ಮಾಡಿದರು. "ನಿಮ್ಮ ಮರ್ಜಿರಿ," ಅಂದು ನೀಲಿ ಗಾಡಿಯ ಬಾಗಿಲು ಮುಚ್ಚಿದರು. ನಾನು ಕಾಗದದ ಮೇಲೆ ಎರೆಮಣ್ಣು, ಬಿಡಿಭಾಗ ಅಂತ ಚೆನ್ನಾಗಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.

ಬಿಳಿ ಗಾಡಿಯಲ್ಲಿ ನನ್ನ ಬದುಕು ಬದಲಾಯಿತು, ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಮನಸ್ಸಿಗೆ ಬಂದಾಗ ನೀರು ಕುಡಿದೆ. ಡಬ್ಬಿಯನ್ನು ನಾನೂ ಸಿಸ್ಟರೂ ಸರದಿಯ ಮೇಲೆ ಊರಾಚೆ ಗುಂಡಿ ತೋಡಿ ಖಾಲಿ ಮಾಡುತ್ತಿದ್ದೆವು. ಅದೂ ಒಂದು ಕಷ್ಟ ಅನ್ನಿಸಲಿಲ್ಲ. ಹಳ್ಳಿಯವರು "ಮನಿಗಾಡಿ ಬಂತು" ಅಂತ ಓಡಿಬಂದು ಒಲೆ, ಪರದೆ ನೋಡಿ ಬೆರಗಾಗುತ್ತಿದ್ದರು. ಸಿಸ್ಟರ್ ನನ್ನನ್ನು ಚುಡಾಯಿಸುತ್ತಿದ್ದರು: "ಡಾಕ್ಟರ್ ಬಾಯಾರ ಮಾರಿಮ್ಯಾಲೆ ಕಳೆ ಬಂದದ. ಯಾವ ಟಾನಿಕ್ಕಿಂದೋ ಏನೋ!"

ಮತ್ತೆ ಚಾಚಾ? ನಾನು ನೋಡಲಿಲ್ಲ ಅಂತ ಬರೆದುಬಿಟ್ಟರೆ ಎಷ್ಟು ಸುಲಭ. ನೋಡಿದೆ. ಗಾಡಿಯಿಂದ ಇಳಿಯುವಾಗ ಮೊದಲು ಬಲಗಾಲು ಇಟ್ಟು, ಎಡಗಾಲನ್ನು ಪೈಜಾಮದ ಬಟ್ಟೆ ಹಿಡಿದು ಎತ್ತಿ ಇಡುತ್ತಿದ್ದರು. ನಮಾಜಿಗೆ ಕೂರುವಾಗ ಒಂದು ಕಾಲು ಚಾಚಿಕೊಳ್ಳುತ್ತಿದ್ದರು. ಅವರ ಸೀಟಿನ ಸುತ್ತ ಯಾವಾಗಲೂ ಎಳ್ಳೆಣ್ಣೆ, ಕರ್ಪೂರದ ವಾಸನೆ. ಒಮ್ಮೆ ಸಿಸ್ಟರ್ ಕೇಳಿಯೂ ಬಿಟ್ಟರು. "ಏನಿಲ್ಲರಿ, ಜಾರಿ ಬಿದ್ದಿದ್ದೆ," ಅಂದರು. ದಿನವೂ ಗಾಡಿಯ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಊರವರ ಮೊಣಕಾಲು ಅದುಮಿ ನೋಡುತ್ತಿದ್ದವಳು ನಾನು. ಎರಡು ಮಾರು ದೂರದಲ್ಲಿ ಕೂತಿದ್ದ ಆ ಒಂದು ಮೊಣಕಾಲನ್ನು ಮುಟ್ಟಲಿಲ್ಲ. ಮುಟ್ಟಿದರೆ ಅಂಗಳದಲ್ಲಿ ಅವರು ಯಾಕೆ ಹಗುರ ಅಂದರು ಅನ್ನುವುದು ಗೊತ್ತಾಗಿಬಿಡುತ್ತಿತ್ತು. ಗೊತ್ತಾದ ಮೇಲೆ ಆ ಚಿಲಕದ ಹಿಂದೆ ನನಗೆ ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ. ಇಷ್ಟೇ ಸತ್ಯ. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹೀಗೆ ಎರಡು ವರ್ಷ ನಡೆಯಿತು.

ಚಂದ್ರಂಪಳ್ಳಿಯ ಕೆರೆಯ ಕಡೆ ಒಂದು ಏರು ಇದೆ. ಒಂದು ಮಧ್ಯಾಹ್ನ ಅಲ್ಲಿ ಆಡುಗಳ ಹಿಂಡು ಅಡ್ಡ ಬಂತು. ಚಾಚಾ ಏರಿನ ಮೇಲೇ ಗಾಡಿ ನಿಲ್ಲಿಸಿದರು. ಆಡು ದಾಟಿದವು. ಹಿಂದೆ ಕಟ್ಟಿಗೆಯ ಹೊರೆ ಹೊತ್ತ ಒಬ್ಬಳು ಹೆಂಗಸು ದಾಟುತ್ತಿದ್ದಳು. ಚಾಚಾ ಮೊದಲನೇ ಗೇರಿಗೆ ಹಾಕಿ, ಕ್ಲಚ್ಚು ಒತ್ತಿ ಹಿಡಿದು ಕಾಯುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಅವರ ಎಡಗೈ ಗೇರಿನ ಮೇಲಿರಲಿಲ್ಲ, ಮೊಣಕಾಲ ಮೇಲಿತ್ತು. ಕೈಯಿಂದ ಕಾಲನ್ನು ಒತ್ತಿ, ಕಾಲಿನಿಂದ ಕ್ಲಚ್ಚನ್ನು ಒತ್ತುತ್ತಿದ್ದರು. ಹಣೆಯ ಮೇಲೆ ಬೆವರು.

ಕಾಲು ಜಾರಿತು. ಗಾಡಿ ಒಮ್ಮೆಲೇ ಮುಂದಕ್ಕೆ ಎಗರಿತು. ಆ ಹೆಂಗಸು ಇನ್ನೂ ರಸ್ತೆಯ ನಡುವೆಯೇ ಇದ್ದಳು. ಚಾಚಾ "ಯಾ ಅಲ್ಲಾ" ಅಂದು ಸ್ಟಿಯರಿಂಗ್ ಪೂರ್ತಿ ತಿರುಗಿಸಿದರು. ಗಾಡಿ ಹೊಲದ ಕಲ್ಲಿನ ಒಡ್ಡಿಗೆ ಹೋಗಿ ಬಡಿದು ನಿಂತಿತು. ಆಕೆ ಹೊರೆ ಬಿಸಾಡಿ ಓಡಿದ್ದಳು, ಏನೂ ಆಗಿರಲಿಲ್ಲ. ಒಳಗೆ ಔಷಧಿಯ ಬಾಟಲಿಗಳು ಒಡೆದು, ಸಿಸ್ಟರ್ ಅವರ ಮೊಣಕೈ ತರಚಿತ್ತು.

ಆಗ, ಆರು ವರ್ಷದಲ್ಲಿ ಮೊದಲ ಸಲ, ನಾನು ಚಾಚಾನ ಪೈಜಾಮ ಮೇಲೆ ಸರಿಸಿ ನೋಡಿದೆ. ಮೊಣಕಾಲು ಬಾತು ತೆಂಗಿನಕಾಯಿಯಷ್ಟಾಗಿತ್ತು. ತೊಡೆಯ ಮಾಂಸ ಕರಗಿಹೋಗಿತ್ತು. ಅದುಮಿದರೆ ಒಳಗೆ ಕರಕರ ಅನ್ನುತ್ತಿತ್ತು. ಇಂದು ನಿನ್ನೆಯದಲ್ಲ ಅಂತ ಕೈಗೆ ಗೊತ್ತಾಯಿತು.

"ಯಾವಾಗಿಂದ ಇದು?"

"ಹಳೀ ಗಾಡಿ ಇದ್ದಾಗಿಂದರಿ."

"ಹೇಳಬೇಕಾಗಿತ್ತಲ್ಲ ಚಾಚಾ! ಡಾಕ್ಟರ ಬಾಜೂಕ ಕುಂತು ಇಷ್ಟು ವರ್ಷ..." ನಾನು ಕೂಗಾಡಿದೆ. ತಪ್ಪು ನನ್ನದಾದಾಗಲೇ ನನ್ನ ದನಿ ಹೆಚ್ಚು ಏರುವುದು.

"ಹೇಳಿದ್ರ ನೀವು ಸರ್ಟಿಫಿಕೇಟ್ ಬರೀಬೇಕಾಗ್ತಿತ್ತು, ಈ ಮನುಷ್ಯಾ ಗಾಡಿ ಹೊಡ್ಯಾಕ ನಾಲಾಯಕ್ ಅಂತ. ನಿಮ್ಮನ್ಯಾಕ ಸಂಕಟದಾಗ ಹಾಕಬೇಕಂತ ಸುಮ್ಮನಿದ್ದೆ," ಅಂದರು. ಪೈಜಾಮ ಕೆಳಗೆ ಎಳೆದುಕೊಳ್ಳುತ್ತ, ತಮಗೇ ಹೇಳಿಕೊಂಡ ಹಾಗೆ, "ಆ ನೀಲಿ ಗಾಡಿ ಸಿಕ್ಕಿದ್ರ ಹೇಳೋ ಪಾಳಿನೇ ಬರ್ತಿದ್ದಿಲ್ಲ," ಅಂದರು.

ಸಂಸ್ಥೆಯವರು ಸರ್ಟಿಫಿಕೇಟ್ ಕೇಳಿದರು. ನಾನೇ ಬರೆದೆ. ಆ ಹೊರೆ ಹೊತ್ತ ಹೆಂಗಸು ಕಣ್ಣ ಮುಂದಿದ್ದಳು, ಬರೆಯದೆ ಇರಲು ಆಗುತ್ತಿರಲಿಲ್ಲ. ನೀಲಿ ಗಾಡಿ ವಾಪಸು ತರಿಸಿ, ಅದನ್ನು ಚಾಚಾ ಓಡಿಸಬಹುದು ಅಂತಲೂ ಬರೆದು ಗೋಗರೆದೆ. ಅದು ಆ ಇನ್ನೊಂದು ಜಿಲ್ಲೆಯಲ್ಲಿ ಒಂದು ದಿನವೂ ಕೆಡದೆ ಚೆನ್ನಾಗಿ ಓಡುತ್ತಿದೆ, ಬಿಡುವುದಿಲ್ಲ ಅಂತ ಉತ್ತರ ಬಂತು. ಚಾಚಾಗೆ ಕೆಲಸ ಹೋಯಿತು. ಹೊಸ ಡ್ರೈವರು ಬಂದ. ಅವನು ಗೇರು ಹಾಕಿದಾಗಲೆಲ್ಲ ಹಲ್ಲು ಕಡಿಯುತ್ತಿತ್ತು, ನಾನು ರೇಗಲಿಲ್ಲ. ರೇಗುವ ಮುಖ ನನಗೆ ಉಳಿದಿರಲಿಲ್ಲ.

ಎರಡು ತಿಂಗಳು ತಡೆದು, ಒಂದು ಭಾನುವಾರ ವಾಡಿಗೆ ಹೋದೆ. ಚಾಚಾ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. "ಬರ್ರಿ ಬಾಯಾರ, ಕುಂದ್ರಿ," ಅಂತ ಅದೇ ಅಕ್ಕರೆ. ಅವರ ಹೆಂಡತಿ, ನಮ್ಮ ಚಾಚಿ, ಚಾ ತಂದುಕೊಟ್ಟು ಬಾಗಿಲ ಬಳಿ ಕೂತರು. ನಾನು ಸುತ್ತಿಬಳಸಲಿಲ್ಲ.

"ಆ ಬಿಳಿ ಗಾಡಿ ನಾ ಯಾಕ ಆರಿಸಿದೆ, ಗೊತ್ತದೇನು ಚಾಚಾ?"

"ಎರಿನೆಲಕ್ಕರಿ. ನೀವ ಹೇಳಿದ್ರಲ್ಲ."

"ಸುಳ್ಳು ಹೇಳಿದ್ದೆ."

ಎಲ್ಲವನ್ನೂ ಹೇಳಿದೆ: ಕತ್ತಲೆಯಲ್ಲಿ ಹೋಗುವುದು, ನೀರು ಬಿಟ್ಟದ್ದು, ಮಲೇರಿಯಾ ಅಂದ ಜ್ವರ, ಆ ಕಿರುಬಾಗಿಲು. ನಾಚಿಕೆಯಿಂದ ಕಿವಿ ಉರಿಯುತ್ತಿತ್ತು. ಚಾಚಾ ಮೊದಲು ಗೋಡೆಯ ಕಡೆ ಮುಖ ಮಾಡಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಇಷ್ಟಕ್ಕೇನ್ರಿ? ಅಯ್ಯಯ್ಯ ಬಾಯಾರ! ನನ್ನ ತಮ್ಮ ಬಡಿಗ್ಯಾ ಇದ್ದಾನ, ಇಲ್ಲೇ ಟೇಶನ್ ಹಿಂದ. ಆ ನೀಲಿ ಗಾಡಿ ಒಳಗ ನಾಕು ಹಲಿಗಿ ಹೊಡದು, ಒಂದು ಬಾಗಿಲಾ ಇಟ್ಟು, ಒಂದ ದಿನದಾಗ ಮಾಡಿ ಕೊಡ್ತಿದ್ದ. ನನಗ ಹೇಳಾಕ ನಾಚಿಕಿ ಆದ್ರ ನಿಮ್ಮ ಚಾಚಿಗಿ ಒಂದು ಮಾತು ಹೇಳಿದ್ರ ಸಾಕಿತ್ತಲ್ರಿ."

ಒಂದೇ ದಿನದ ಕೆಲಸ. ಎರಡು ಗಾಡಿಗಳ ನಡುವೆ ಆರಿಸುವುದೇ ಬೇಕಿರಲಿಲ್ಲ. ಚಾಚಾ ನಗುತ್ತಿದ್ದರು, ಅವರಿಗೆ ನಿಜಕ್ಕೂ ನಗು ಬಂದಿತ್ತು. ಬಾಗಿಲ ಬಳಿ ಚಾಚಿ ನಗಲಿಲ್ಲ.

"ನಂದು ತಪ್ಪಾತು ಚಾಚಾ," ಅಂದೆ. ಅಷ್ಟು ಹೇಳುವುದರಲ್ಲಿ ಅಳು ಬಂದುಬಿಟ್ಟಿತು.

"ಬಿಡ್ರಿ, ಬಿಡ್ರಿ. ನೀವೇನ ಬೇಕಂತ ಮಾಡೀರೇನು," ಅಂದು, ಬಾಗಿಲ ತನಕ ಕಳಿಸಿಕೊಡಲು ಎದ್ದರು. ಬೇಡ ಅಂದೆ, ಕೇಳಲಿಲ್ಲ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮಂಚದಿಂದ ಕೆಳಗಿಟ್ಟರು, ಗೋಡೆ ಹಿಡಿದರು, ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಮಂಚದಿಂದ ಬಾಗಿಲಿಗೆ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ನಾನು ನಿಂತು ನೋಡಿದೆ.